ಎಸಿ ಕೋಣೆಯ ಬೂಷ್ಟು: ತಂಪಿನ ಹಿಂದಿರುವ ನೀರಿನ ಲೆಕ್ಕ

ಮಂಗಳೂರು, ಉಡುಪಿ, ಕಾರವಾರದ ಮನೆಗಳಿಗೆ ಮಳೆಗಾಲದ ಬೂಷ್ಟು ಹೊಸದೇನಲ್ಲ. ಆಟಿ ತಿಂಗಳಲ್ಲಿ ಚರ್ಮದ ಬೆಲ್ಟು, ಚಪ್ಪಲಿ, ಮರದ ಕಪಾಟಿನ ಹಿಂಬದಿ, ದೇವರ ಪಟದ ಚೌಕಟ್ಟು ಬೆಳ್ಳಗಾಗುವುದನ್ನು ಕರಾವಳಿಯವರು ತಲೆಮಾರುಗಳಿಂದ ಕಂಡಿದ್ದಾರೆ. ಒರೆಸಿ, ಬಿಸಿಲು ಬಂದ ದಿನ ಅಂಗಳಕ್ಕೆ ಹಾಕಿ, ಅದನ್ನು ಋತುವಿನ ಒಂದು ಉಪದ್ರವವೆಂದು ಸಹಿಸಿಕೊಂಡಿದ್ದಾರೆ. ಈಗ ಕೇಳಿಬರುತ್ತಿರುವ ದೂರು ಬೇರೆ ಬಗೆಯದು. ಮಳೆ ಇನ್ನೂ ಬಾರದ ಏಪ್ರಿಲ್ ಮತ್ತು ಮೇ ತಿಂಗಳ ಸೆಖೆಯಲ್ಲಿ, ಹೊಸದಾಗಿ ಕಟ್ಟಿದ ಫ್ಲ್ಯಾಟಿನ ಎಸಿ ಕೋಣೆಯಲ್ಲೇ ಗೋಡೆಯ ಮೂಲೆಗೆ ಕಪ್ಪು ಚುಕ್ಕೆ ಬರುತ್ತದೆ, ಬಟ್ಟೆಯ ಬೀರು ತೆರೆದರೆ ಮುಗ್ಗಲು ವಾಸನೆ ಹೊಡೆಯುತ್ತದೆ, ಎಸಿ ಹಾಕಿದ ಕೂಡಲೇ ಮಗುವಿಗೆ ಸೀನು ಶುರುವಾಗುತ್ತದೆ. ಎಸಿ ಮೆಕ್ಯಾನಿಕ್ ಸರ್ವಿಸ್ ಆಗಬೇಕು ಎನ್ನುತ್ತಾನೆ, ಪೇಂಟರ್ ಹೊರಗೋಡೆಯಲ್ಲಿ ಲೀಕೇಜ್ ಇದೆ ಎನ್ನುತ್ತಾನೆ, ಡಾಕ್ಟರು ಧೂಳಿನ ಅಲರ್ಜಿ ಎಂದು ಮಾತ್ರೆ ಬರೆಯುತ್ತಾರೆ. ಮೂವರೂ ಪೂರ್ತಿ ತಪ್ಪಿಲ್ಲದಿರಬಹುದು. ಆದರೆ ಆ ಕೋಣೆಗೆ ನೀರು ಎಲ್ಲಿಂದ ಬಂತು, ಎಲ್ಲಿ ಇಳಿಯಿತು, ಎಲ್ಲಿ ಒಣಗದೆ ಉಳಿಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೂಷ್ಟಿನ ಕಥೆಯೆಲ್ಲ ಇರುವುದು ಆ ಪ್ರಶ್ನೆಯಲ್ಲೇ.

ಎಸಿ ಗಾಳಿಯನ್ನು ತಂಪು ಮಾಡುವ ಯಂತ್ರವೆಂದು ನಾವು ತಿಳಿದಿದ್ದೇವೆ. ಅದು ಅಷ್ಟೇ ಮಟ್ಟಿಗೆ ಗಾಳಿಯಿಂದ ನೀರನ್ನು ಹಿಂಡುವ ಯಂತ್ರವೂ ಹೌದು. ಗಾಳಿಯಲ್ಲಿರುವ ನೀರಾವಿಯು ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ ತಂಪಾದಾಗ ಹನಿಯಾಗಿ ಇಳಿಯುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. 30 ಡಿಗ್ರಿ ಉಷ್ಣತೆ ಮತ್ತು ಶೇ. 80 ತೇವಾಂಶವಿರುವ ಕರಾವಳಿಯ ಸಂಜೆಯ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಅದನ್ನು 24 ಡಿಗ್ರಿ, ಶೇ. 50 ತೇವಾಂಶದ ಹಿತವಾದ ಗಾಳಿಯಾಗಿಸಬೇಕಾದರೆ ಉಳಿಯಬೇಕಾದದ್ದು ಸುಮಾರು 11 ಗ್ರಾಂ ಮಾತ್ರ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯ ಗಾಳಿಯನ್ನು ಒಂದು ಸಲ ಹೀಗೆ ಒಣಗಿಸುವುದೆಂದರೆ ಅರ್ಧ ಲೀಟರಿಗೆ ಸಮೀಪದಷ್ಟು ನೀರನ್ನು ಹೊರಗೆ ಹಾಕುವುದು. ಬಾಗಿಲ ಸಂದಿಯಿಂದ, ಸ್ನಾನದ ಕೋಣೆಯಿಂದ, ಮಲಗಿದವರ ಉಸಿರಿನಿಂದ ಹೊಸ ತೇವ ಸೇರುತ್ತಲೇ ಇರುವುದರಿಂದ ಒಂದು ರಾತ್ರಿಯಲ್ಲಿ ಡ್ರೈನ್ ಪೈಪಿನಲ್ಲಿ ಕೆಲವು ಲೀಟರ್ ನೀರು ಹರಿದುಹೋಗುತ್ತದೆ. ಅಷ್ಟೂ ನೀರು ಒಳಗಿನ ಯೂನಿಟ್ಟಿನ ಕಾಯಿಲ್ ಎಂಬ ತಣ್ಣನೆಯ ಕೊಳವೆಗಳ ಜಾಲದ ಮೇಲೆ ಇಳಿದು, ಅದರ ಕೆಳಗಿನ ತಟ್ಟೆಗೆ ಬಿದ್ದು, ಪೈಪಿನ ಮೂಲಕ ಹೊರಗೆ ಹೋಗಬೇಕು. ಹಾಗೆ ಹೋದರೆ ಎಸಿ ಮನೆಯನ್ನು ಒಣಗಿಸುವ ಉಪಕಾರಿ. ದಾರಿಯಲ್ಲಿ ಎಲ್ಲಾದರೂ ನಿಂತರೆ ತೊಂದರೆ ಅಲ್ಲಿಂದ ಶುರು.

ಬೂಷ್ಟಿಗೆ ಬೇಕಾದದ್ದು ಮೂರೇ: ಗಾಳಿಯಲ್ಲಿ ಸದಾ ಇರುವ ಅದರ ಬೀಜಕಣ, ತಿನ್ನಲು ಒಂದಿಷ್ಟು ಸಾವಯವ ಕೊಳೆ, ಮತ್ತು ತೇವ. ಮೊದಲನೆಯದನ್ನು ಯಾರೂ ತಡೆಯಲಾರರು. ಎರಡನೆಯದು ಎಸಿಯೊಳಗೆ ತಾನಾಗಿಯೇ ಸೇರುತ್ತದೆ: ನಮ್ಮ ಚರ್ಮದ ಸಿಪ್ಪೆ, ಹಾಸಿಗೆಯ ನೂಲು, ಊದುಬತ್ತಿಯ ಮಸಿ, ಅಡುಗೆಯ ಎಣ್ಣೆ ಪಸೆ. ಸ್ಪ್ಲಿಟ್ ಎಸಿಯ ಮುಂಭಾಗದ ಬಲೆಯಂಥ ಫಿಲ್ಟರ್ ಹಿಡಿಯುವುದು ಕಣ್ಣಿಗೆ ಕಾಣುವ ನೂಲು ಮತ್ತು ದಪ್ಪ ಧೂಳನ್ನು ಮಾತ್ರ. ಎರಡು ಮೂರು ಮೈಕ್ರಾನ್ ಗಾತ್ರದ, ಆಸ್ಪರ್ಜಿಲಸ್ ಎಂಬ ಸಾಮಾನ್ಯ ಬೂಷ್ಟಿನ ಬೀಜಕಣ ಅದರಲ್ಲಿ ಸರಾಗವಾಗಿ ನುಸುಳುತ್ತದೆ. ಹೀಗೆ ನುಸುಳಿದ ಕೊಳೆಯೆಲ್ಲ ಒದ್ದೆ ಕಾಯಿಲ್ಲಿಗೂ ಅದರ ಹಿಂದಿನ ಉದ್ದನೆಯ ಬ್ಲೋವರಿನ ಸಣ್ಣ ಸಣ್ಣ ರೆಕ್ಕೆಗಳಿಗೂ ಅಂಟುತ್ತದೆ. ಎಸಿ ಆಫ್ ಮಾಡಿದ ಮೇಲೆ ಒಳಗೆ ಕತ್ತಲೆ, ಬೆಚ್ಚಗೆ, ಒದ್ದೆ. ಮರುದಿನ ರಾತ್ರಿ ಆನ್ ಮಾಡಿದಾಗ ಮೊದಲ ಕೆಲವು ನಿಮಿಷ ಬರುವ ಹುಳಿ ವಾಸನೆ, ಆ ಪೆಟ್ಟಿಗೆಯೊಳಗೆ ಹಗಲೆಲ್ಲ ಏನು ನಡೆದಿತ್ತು ಎಂಬುದನ್ನು ಹೇಳುತ್ತದೆ. ಗಾಳಿ ಬರುವ ಕಿಂಡಿಯ ಪಟ್ಟಿಯನ್ನು ಸ್ವಲ್ಪ ಸರಿಸಿ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಬ್ಲೋವರಿನ ರೆಕ್ಕೆಯ ಮೇಲಿನ ಕಪ್ಪು ಚುಕ್ಕೆಗಳು ಯಾರಿಗೂ ಕಾಣುತ್ತವೆ. ಸರ್ವಿಸಿಗೆ ಬಂದವರು ಫಿಲ್ಟರ್ ತೊಳೆದು ಕಾಯಿಲ್ಲಿಗೆ ನೀರು ಹೊಡೆದು ಹೋಗುವಾಗ ಹೆಚ್ಚಾಗಿ ಮುಟ್ಟದೆ ಬಿಡುವುದು ಇದೇ ಭಾಗವನ್ನು.

ಯಂತ್ರದೊಳಗಿನ ಬೂಷ್ಟು ಹೇಗೂ ಕಣ್ಣಿಗೆ ಬೀಳುತ್ತದೆ. ಗೋಡೆಯ ಬೂಷ್ಟು ಹೆಚ್ಚು ಕುತಂತ್ರಿ, ಮತ್ತು ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಮನೆಗಳಿಗೆ ಹೆಚ್ಚು ಹಾನಿ ಮಾಡುತ್ತಿರುವುದು ಅದೇ. ರಾತ್ರಿಯಿಡೀ 20 ಡಿಗ್ರಿಗೆ ಎಸಿ ಇಟ್ಟು ಮಲಗಿದ ಕೋಣೆಯ ಗೋಡೆ, ಕನ್ನಡಿ, ಬೀರು ಬೆಳಗಿನ ಹೊತ್ತಿಗೆ 22 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತವೆ. ಎದ್ದ ಕೂಡಲೇ ಎಸಿ ನಿಲ್ಲಿಸಿ, ಒಳ್ಳೆಯ ಗಾಳಿ ಬರಲಿ ಎಂದು ಕಿಟಕಿ ತೆರೆಯುವುದು ನಮ್ಮ ವಾಡಿಕೆ. ಮೇ ತಿಂಗಳ ಬೆಳಗ್ಗೆ ಹೊರಗಿನ ಗಾಳಿ 27 ಡಿಗ್ರಿ, ಶೇ. 88 ತೇವಾಂಶವಿದ್ದರೆ ಅದರ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ ಆ ಗಾಳಿ ತಾಗಿದ ಗೋಡೆಯೂ ಬೆವರುತ್ತದೆ. ಪುಟ್ಟಿ ಮತ್ತು ಬಣ್ಣದ ಪದರ ಆ ನೀರನ್ನು ಹೀರಿಕೊಳ್ಳುವುದರಿಂದ ಕನ್ನಡಿಯ ಮೇಲೆ ಮಾತ್ರ ಅದು ನಮಗೆ ಕಾಣುತ್ತದೆ. ಹನಿ ಕಟ್ಟಲೇಬೇಕೆಂದೂ ಇಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ ಶೇ. 80ರ ಆಚೆ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯಲು ಅಷ್ಟು ಸಾಕು. ಹಾಗಾಗಿ ಗಾಳಿ ಓಡಾಡದ ಜಾಗದಲ್ಲೇ, ಅಂದರೆ ಗೋಡೆಗೆ ಒತ್ತಿ ಇಟ್ಟ ಬೀರುವಿನ ಹಿಂದೆ, ಮಂಚದ ತಲೆಭಾಗದ ಹಲಗೆಯ ಹಿಂದೆ, ದಪ್ಪ ಪರದೆಯ ಮರೆಯಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ಆಚೆ ಬದಿಯ ಗೋಡೆ. ಒಂದೇ ಕೋಣೆಗೆ ಎಸಿ ಇರುವ ಮನೆಯಲ್ಲಿ ಆ ಕೋಣೆಯ ನಾಲ್ಕಿಂಚಿನ ಗೋಡೆಯ ಇನ್ನೊಂದು ಮಗ್ಗುಲು ಹಾಲ್‌ಗೋ ಪಕ್ಕದ ಕೋಣೆಗೋ ಸೇರಿರುತ್ತದೆ. ಒಳಬದಿಯಲ್ಲಿ ಎಸಿಯ ಒಣಗಾಳಿ ಇರುವುದರಿಂದ ಅಲ್ಲಿ ಏನೂ ಆಗದೆ, ತಣ್ಣಗಾದ ಅದೇ ಗೋಡೆಯ ಹೊರಬದಿಗೆ ಹಾಲ್‌ನ ಸೆಖೆಯ ಗಾಳಿ ತಾಗಿ ಅಲ್ಲಿ ಕಲೆ ಏಳುತ್ತದೆ. ಎಸಿಯೇ ಇಲ್ಲದ ಕೋಣೆಯಲ್ಲಿ ಬೂಷ್ಟು ಬಂದುದಕ್ಕೆ ಎಸಿ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ಫಾಲ್ಸ್ ಸೀಲಿಂಗಿನೊಳಗೆ ಹಾದುಹೋಗುವ ತಾಮ್ರದ ಪೈಪಿಗೆ ಸುತ್ತಿದ ಕಪ್ಪು ಇನ್ಸುಲೇಶನ್ ಜೋಡಣೆಯ ಜಾಗದಲ್ಲಿ ಬಿಟ್ಟುಕೊಂಡಿದ್ದರೂ ಹೀಗೆಯೇ: ಅಲ್ಲಿ ತೊಟ್ಟಿಕ್ಕುವ ಹನಿ ಜಿಪ್ಸಂ ಹಲಗೆಯ ಮೇಲಿನ ಕಾಗದವನ್ನು ನೆನೆಸುತ್ತದೆ, ಮತ್ತು ಕಾಗದ ಬೂಷ್ಟಿಗೆ ಇಷ್ಟದ ಊಟ. ಡ್ರೈನ್ ಪೈಪಿಗೆ ಇಳಿಜಾರು ಸಾಲದಿದ್ದರೆ, ಅದರ ಬಾಯಿ ಬಾಲ್ಕನಿಯ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ, ಒಳಗೆ ಲೋಳೆ ಕಟ್ಟಿದ್ದರೆ ನೀರು ಹಿಂದಕ್ಕೆ ಸರಿದು ಯೂನಿಟ್ಟಿನ ಬೆನ್ನ ಹಿಂದಿನ ಗೋಡೆಗೆ ಇಳಿಯುತ್ತದೆ.

ಹಳೆಯ ಹೆಂಚಿನ ಮನೆಗಳಿಗೆ ಈ ಸಂಕಟ ಇರಲಿಲ್ಲ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಒಲೆಯ ಶಾಖ ಮಾಡನ್ನು ಒಣಗಿಸುತ್ತಿತ್ತು, ಯಾವ ಗೋಡೆಯೂ ಎಸಿ ಕೋಣೆಯ ಗೋಡೆಯಷ್ಟು ತಂಪಾಗಿರುತ್ತಿರಲಿಲ್ಲ. ಆ ಮನೆಗಳಿಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಮೇ ತಿಂಗಳ ರಾತ್ರಿ ಮೂರನೇ ಮಹಡಿಯ ಆರ್‌ಸಿಸಿ ಕೋಣೆಯಲ್ಲಿ ಮಲಗುವವರಿಗೆ ಎಸಿ ಈಗ ಶೋಕಿಯ ವಸ್ತುವಲ್ಲ.

ಮಳೆಯೇ ಇಲ್ಲದ ಊರಲ್ಲೂ ಇದೇ ಬೂಷ್ಟು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಲ್ಫ್‌ನಲ್ಲಿರುವ ಕನ್ನಡಿಗರು ಬಲ್ಲರು. ಅರಬ್ಬೀ ಕೊಲ್ಲಿಯ ತೀರದ ಬೇಸಿಗೆಯ ಗಾಳಿ ಕೆಲವು ದಿನ ಕರಾವಳಿ ಕರ್ನಾಟಕದ ಗಾಳಿಗಿಂತಲೂ ತೇವಭರಿತ. 2003ರ ಜುಲೈ 8ರಂದು ಸೌದಿಯ ದಹ್ರಾನ್‌ನಲ್ಲಿ ಇಬ್ಬನಿ ಬಿಂದು 35 ಡಿಗ್ರಿ ಮುಟ್ಟಿತ್ತು. ಮಕ್ಕಳ ಶಾಲೆಗೆ ರಜೆ ಸಿಗುವ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ, ಕರೆಂಟು ಉಳಿಯಲೆಂದು ಎಸಿ ಪೂರ್ತಿ ನಿಲ್ಲಿಸಿ, ಕಿಟಕಿ ಬಾಗಿಲು ಭದ್ರವಾಗಿ ಹಾಕಿ ಊರಿಗೆ ಹೊರಟರೆ, ಮರಳಿ ಬಂದಾಗ ಸೋಫಾದ ಮೇಲೆ, ಕೋಟುಗಳ ಮೇಲೆ, ಸೂಟ್‌ಕೇಸ್ ಮೇಲೆ ಹಸಿರು ಬಿಳಿ ಪುಡಿ ಎದುರಾಗಬಹುದು. ಅಲ್ಲಿ ಎಸಿಯನ್ನು ಪೂರ್ತಿ ಆರಿಸದೆ ಹೆಚ್ಚಿನ ಉಷ್ಣತೆಗೆ ಇಟ್ಟು, ಕಪಾಟಿನ ಬಾಗಿಲು ತೆರೆದು ಹೊರಡುವುದೇ ಜಾಣತನ.

ಇನ್ನು ಆರೋಗ್ಯದ ವಿಚಾರ. ಇಲ್ಲಿ ಭಯವೂ ಉದಾಸೀನವೂ ಜೊತೆಜೊತೆಗೆ ಇರುವುದರಿಂದ ಗೊತ್ತಿರುವುದನ್ನು ಬಿಡಿಸಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಥಂಡಿ ಹಿಡಿದ, ಬೂಷ್ಟು ಕಟ್ಟಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಗುಂಯ್ ಎನ್ನುವ ಉಸಿರು, ಮೂಗು ಗಂಟಲಿನ ತೊಂದರೆ, ಉಸಿರಾಟದ ಅಂಗಗಳ ಸೋಂಕು ಹೆಚ್ಚು ಎಂಬುದಕ್ಕೂ, ಇರುವ ಉಬ್ಬಸ ಉಲ್ಬಣಿಸುತ್ತದೆ ಎಂಬುದಕ್ಕೂ ಸಾಕಷ್ಟು ಪುರಾವೆ ಇದೆಯೆಂದು ಅದು ಹೇಳಿತು. ಆದರೆ ಇಷ್ಟು ಬೀಜಕಣಗಳಿದ್ದರೆ ಸುರಕ್ಷಿತ, ಅದಕ್ಕಿಂತ ಹೆಚ್ಚಾದರೆ ಅಪಾಯ ಎಂಬ ಯಾವ ಅಂಕಿಯನ್ನೂ ಅದು ಕೊಡಲಿಲ್ಲ. ನಿರಂತರ ತೇವವನ್ನು ತಡೆಯಿರಿ ಎಂದಷ್ಟೇ ಹೇಳಿತು. ಮನೆಯ ಗಾಳಿಯ ಬೀಜಕಣ ಎಣಿಸಿ ವರದಿ ಕೊಡುತ್ತೇವೆಂದು ಬರುವವರಿಗೆ ಹಣ ಕೊಡುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು. ಬೂಷ್ಟು ಕಂಡರೆ, ವಾಸನೆ ಬಂದರೆ, ಅದನ್ನು ತೆಗೆಯಲು ಬೇರೆ ಪರೀಕ್ಷೆ ಬೇಕಿಲ್ಲ.

ಹೆಚ್ಚಿನವರ ಮೇಲೆ ಆಗುವ ಪರಿಣಾಮ ಅಲರ್ಜಿಯದ್ದು: ಬೆಳಗ್ಗೆ ಎದ್ದಾಗ ಸಾಲು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ, ರಾತ್ರಿಯ ಒಣ ಕೆಮ್ಮು. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಎಸಿ ಕೋಣೆಯಲ್ಲಿ ಎಂಟು ಗಂಟೆ ಮಲಗಿದರೆ ಬ್ಲೋವರಿನಿಂದ ಉದುರಿದ್ದು ಮತ್ತೆ ಮತ್ತೆ ಅವರ ಉಸಿರಿಗೇ ಬರುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವುದರಿಂದ ಮೊದಲು ಅವರಲ್ಲೇ ಲಕ್ಷಣ ಕಾಣುವುದು ಸಹಜ.

ಅಪರೂಪದ, ಆದರೆ ಹೆಚ್ಚು ಗಂಭೀರವಾದ ಇನ್ನೊಂದು ಕಾಯಿಲೆ ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್. ಇದರಲ್ಲಿ ಸೋಂಕು ಇರುವುದಿಲ್ಲ. ಪದೇ ಪದೇ ಒಳಗೆ ಹೋಗುವ ಸೂಕ್ಷ್ಮ ಕಣಗಳ ವಿರುದ್ಧ ದೇಹವೇ ಶ್ವಾಸಕೋಶದ ಒಳಪದರದಲ್ಲಿ ಉರಿಯೂತ ಎಬ್ಬಿಸುತ್ತದೆ. ಎಸಿಗೂ ಇದಕ್ಕೂ ಇರುವ ನಂಟು 1970ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ: ಅಮೆರಿಕದ ಒಂದು ಕಚೇರಿಯ 27 ನೌಕರರಲ್ಲಿ ನಾಲ್ವರಿಗೆ ಈ ಕಾಯಿಲೆ ಬಂದು, ಅಲ್ಲಿನ ಹವಾನಿಯಂತ್ರಣ ಯಂತ್ರದಲ್ಲಿ ಬೆಳೆದಿದ್ದ, ಶಾಖದಲ್ಲಿ ಬಾಳುವ ಒಂದು ಬಗೆಯ ಬ್ಯಾಕ್ಟೀರಿಯಾ ಕಾರಣವೆಂದು ತಿಳಿಯಿತು. ನಮ್ಮ ದೇಶದ ಚಿತ್ರ ಇನ್ನಷ್ಟು ಗಮನಾರ್ಹ. 2012ರಿಂದ 2015ರವರೆಗೆ 19 ನಗರಗಳ 27 ಕೇಂದ್ರಗಳಲ್ಲಿ, ಶ್ವಾಸಕೋಶ ಗಟ್ಟಿಯಾಗುವ ಬಗೆಬಗೆಯ ಕಾಯಿಲೆಗಳಿದ್ದ 1084 ರೋಗಿಗಳನ್ನು ದಾಖಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 47.3 ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್. ಆ ಪೈಕಿ ಶೇ. 48.1 ಮಂದಿ ಏರ್ ಕೂಲರ್ ಬಳಸುವವರು.

ಕೂಲರ್ ಎಂಬುದನ್ನು ಗಮನಿಸಬೇಕು. ಅದು ಎಸಿ ಅಲ್ಲ. ಎಸಿ ಗಾಳಿಯಿಂದ ನೀರು ತೆಗೆಯುತ್ತದೆ, ಕೂಲರ್ ಗಾಳಿಗೆ ನೀರು ಸೇರಿಸುತ್ತದೆ. ಕರಾವಳಿಯಲ್ಲಿ ಕೂಲರಿನಿಂದ ಪ್ರಯೋಜನವಿಲ್ಲ. ಆದರೆ ಕಲಬುರಗಿ, ರಾಯಚೂರು, ವಿಜಯಪುರದ ಒಣ ಬೇಸಿಗೆಯಲ್ಲಿ ಅದೇ ಬಡವರ ಮತ್ತು ಮಧ್ಯಮ ವರ್ಗದವರ ಆಸರೆ, ಮತ್ತು ಅದರ ತೊಟ್ಟಿಯ ನಿಂತ ನೀರು, ತಿಂಗಳುಗಟ್ಟಲೆ ಒದ್ದೆಯಾಗಿರುವ ಹುಲ್ಲಿನ ಅಥವಾ ಜೇನುಗೂಡಿನ ಆಕಾರದ ಪ್ಯಾಡ್ ಎರಡೂ ಬೂಷ್ಟಿಗೆ ಎಸಿಗಿಂತ ಒಳ್ಳೆಯ ನೆಲೆ. ಕೋಟ್ಯಂತರ ಜನ ಕೂಲರ್ ಬಳಸಿಯೂ ಆರೋಗ್ಯವಾಗಿದ್ದಾರೆ, ಹಾಗಾಗಿ ಈ ಅಂಕಿಯನ್ನು ಕೂಲರೆಂದರೆ ಕಾಯಿಲೆ ಎಂದು ಓದಬಾರದು. ಆದರೂ ಪ್ಯಾಡ್ ಪ್ರತಿ ಬೇಸಿಗೆಗೆ ಬದಲಿಸುವುದು, ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸುವುದು ಸೊಳ್ಳೆಯ ಕಾಟಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲ ಎಂಬುದು ಇದರಿಂದ ಸ್ಪಷ್ಟ. ಈ ಕಾಯಿಲೆ ಆರಂಭದಲ್ಲಿ ಗೊತ್ತಾಗಿ, ಕಾರಣದಿಂದ ದೂರವಾದರೆ ಹೆಚ್ಚಾಗಿ ಗುಣವಾಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶದಲ್ಲಿ ಮೂಡುವ ಗಾಯದ ಗಟ್ಟಿತನ ಹಿಂದಿರುಗುವುದಿಲ್ಲ.

ಉಬ್ಬಸ ಇರುವವರಲ್ಲಿ ಕೆಲವರಿಗೆ ಆಸ್ಪರ್ಜಿಲಸ್ ವಿರುದ್ಧ ತೀವ್ರ ಅಲರ್ಜಿ ಬೆಳೆದು ಎಬಿಪಿಎ ಎಂಬ ಸ್ಥಿತಿ ಬರುತ್ತದೆ. ಕಂದು ಬಣ್ಣದ ಗಟ್ಟಿ ಕಫ, ಎಕ್ಸ್‌ರೇಯಲ್ಲಿ ನೆರಳು, ಬಿಡದ ಕೆಮ್ಮು ಇರುವುದರಿಂದ ಭಾರತದಲ್ಲಿ ಇದನ್ನು ಕ್ಷಯವೆಂದು ತಪ್ಪಾಗಿ ಭಾವಿಸಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಕಫದಲ್ಲಿ ಟಿಬಿ ಕ್ರಿಮಿ ಸಿಗದೆ, ಇನ್‌ಹೇಲರಿಗೂ ಉಬ್ಬಸ ಹತೋಟಿಗೆ ಬಾರದಿದ್ದಾಗ ರಕ್ತದಲ್ಲಿ ಒಟ್ಟು ಐಜಿಇ (ಅಲರ್ಜಿಯಲ್ಲಿ ಏರುವ ಪ್ರತಿಕಾಯ) ಮತ್ತು ಆಸ್ಪರ್ಜಿಲಸ್‌ಗೆ ಸಂಬಂಧಿಸಿದ ಐಜಿಇ ನೋಡಬೇಕೇ ಎಂದು ಶ್ವಾಸಕೋಶ ತಜ್ಞರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಹಾಗೆ ಕೇಳುವಾಗ ಮನೆಯ ಸಂಗತಿಯನ್ನೂ ಹೇಳಬೇಕು: ಎಸಿ ಇದೆಯೇ, ಗೋಡೆಯಲ್ಲಿ ಕಲೆ ಇದೆಯೇ, ಅಜ್ಜಿಮನೆಗೆ ಹೋದ ಹದಿನೈದು ದಿನ ಕೆಮ್ಮು ಇರಲಿಲ್ಲವೇ, ಮರಳಿದ ಮೇಲೆ ಎಷ್ಟು ದಿನಕ್ಕೆ ಶುರುವಾಯಿತು. ಸ್ಕ್ಯಾನ್ ತೋರಿಸದ ಸುಳಿವು ಈ ಉತ್ತರಗಳಲ್ಲಿ ಸಿಗುವುದುಂಟು.

ಭಯದ ವಿಷಯಕ್ಕೆ ಬಂದರೆ, 2021ರ ಎರಡನೇ ಕೋವಿಡ್ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂಬ ಹೆಸರು ಹಬ್ಬಿದಾಗ ಫ್ರಿಜ್ಜಿನ ರಬ್ಬರಿನ ಕಪ್ಪು, ಈರುಳ್ಳಿಯ ಕಪ್ಪು ಎಲ್ಲವೂ ಅದೇ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು. ಆ ಕಾಯಿಲೆಯಾದ ಮ್ಯೂಕರ್‌ಮೈಕೋಸಿಸ್ ತರುವ ಶಿಲೀಂಧ್ರದ ಗುಂಪೇ ಬೇರೆ. ಅದಕ್ಕೆ ಹೆಚ್ಚಾಗಿ ತುತ್ತಾದವರು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದೆ ಸ್ಟೀರಾಯ್ಡ್ ತೆಗೆದುಕೊಂಡಿದ್ದವರು. ಗೋಡೆಯ ಕಪ್ಪು ಕಲೆ ಸಾಮಾನ್ಯವಾಗಿ ಕ್ಲಾಡೊಸ್ಪೋರಿಯಂ ಅಥವಾ ಆಸ್ಪರ್ಜಿಲಸ್ ಜಾತಿಯದು. ಅಮೆರಿಕದಲ್ಲೂ ಇಂಥದೇ ಒಂದು ಗಾಬರಿ ಹುಟ್ಟಿತ್ತು: ಕ್ಲೀವ್‌ಲ್ಯಾಂಡ್‌ನಲ್ಲಿ 1990ರ ದಶಕದಲ್ಲಿ ಶಿಶುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದುದಕ್ಕೆ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಬೂಷ್ಟು ಕಾರಣವೆಂದು ಮೊದಲು ಹೇಳಲಾಗಿತ್ತು, 2000ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ಅಧ್ಯಯನವನ್ನು ಮರುಪರಿಶೀಲಿಸಿ, ಆ ಸಂಬಂಧ ಸಾಬೀತಾಗಿಲ್ಲ ಎಂದಿತು. ಬಣ್ಣ ನೋಡಿ ಬೂಷ್ಟಿನ ವಿಷ ಅಳೆಯಲಾಗದು. ಆದರೆ ಕೀಮೋಥೆರಪಿ ನಡೆಯುತ್ತಿರುವವರು, ಅಂಗ ಕಸಿಯಾದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಅವರಿಗೆ ಆಸ್ಪರ್ಜಿಲಸ್ ಅಲರ್ಜಿಯನ್ನಷ್ಟೇ ಅಲ್ಲ, ಸೋಂಕನ್ನೇ ತರಬಲ್ಲದು. ಬೂಷ್ಟು ಕೆರೆಯುವ ಕೆಲಸ ನಡೆಯುವಾಗ ಅವರು ಆ ಮನೆಯಲ್ಲೇ ಇರಬಾರದು.

ಪರಿಹಾರದ ಬಹುಭಾಗ ರಿಮೋಟಿನಲ್ಲೇ ಇದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಎಸಿಗಳು 24 ಡಿಗ್ರಿಗೇ ಶುರುವಾಗಬೇಕೆಂಬ ನಿಯಮ ಬಂದಿದೆ. 2025ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವರು ಎಸಿಗಳ ಮಿತಿಯನ್ನು 20ರಿಂದ 28 ಡಿಗ್ರಿಗೆ ಕಟ್ಟಿಹಾಕುವ ಪ್ರಸ್ತಾವವನ್ನೂ ಪ್ರಕಟಿಸಿದರು. ಇವು ಕರೆಂಟು ಉಳಿಸಲು ಮಾಡಿದವು. ಆದರೆ ಕರಾವಳಿಯಲ್ಲಿ ಇದೇ ಬೂಷ್ಟಿನ ನಿಯಮವೂ ಆಗುತ್ತದೆ: 26 ಡಿಗ್ರಿಗೆ ಇಟ್ಟು ಸೀಲಿಂಗ್ ಫ್ಯಾನ್ ತಿರುಗಿಸಿದ ಕೋಣೆಯ ಗೋಡೆ ಹೊರಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗೆ ಇಳಿಯುವ ಸಾಧ್ಯತೆ ಕಡಿಮೆ. ಮಳೆಗಾಲದಲ್ಲಿ ಮಾತ್ರ ಇದೇ ಸಲಹೆ ತಿರುಗುಬಾಣವಾಗುತ್ತದೆ. ಆಗ ಕೋಣೆ ತಾನಾಗಿಯೇ 27 ಡಿಗ್ರಿ ಇರುವುದರಿಂದ ಇನ್ವರ್ಟರ್ ಎಸಿಯ ಕಂಪ್ರೆಸರ್ ಮೆಲ್ಲಗೆ ಓಡಿ, ಕಾಯಿಲ್ ಸಾಕಷ್ಟು ತಣ್ಣಗಾಗದೆ, ತಂಪು ಸಿಕ್ಕರೂ ತೇವ ಹೋಗುವುದಿಲ್ಲ. ಅಂಥ ದಿನಗಳಿಗೆಂದೇ ಇರುವುದು ಡ್ರೈ ಮೋಡ್. ನೂರು ಚದರಡಿಯ ಕೋಣೆಗೆ ಒಂದು ಟನ್ ಸಾಕಾಗುವಲ್ಲಿ ಒಂದೂವರೆ ಟನ್ನಿನದನ್ನು ಮಾರುವ ಅಂಗಡಿಯವರ ಉತ್ಸಾಹವೂ ಇದೇ ತೊಂದರೆಯನ್ನು ತರುತ್ತದೆ: ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣಿಸಿ, ನೀರು ತೆಗೆಯಲು ಸಮಯವಾಗುವ ಮೊದಲೇ ನಿಂತುಬಿಡುತ್ತದೆ.

ಎಸಿ ನಿಲ್ಲಿಸುವ ಮೊದಲು ಅರ್ಧ ಗಂಟೆ ಫ್ಯಾನ್ ಮೋಡಿನಲ್ಲಿ ಓಡಿಸಿದರೆ ಕಾಯಿಲ್ ಒಣಗುತ್ತದೆ. ಬೆಳಗ್ಗೆ ಕಿಟಕಿ ತೆರೆಯುವುದನ್ನು ಒಂದೆರಡು ಗಂಟೆ ಮುಂದೂಡಿ, ಗೋಡೆ ಬೆಚ್ಚಗಾದ ಮೇಲೆ ತೆರೆದರೆ ಬೆವರುವುದು ತಪ್ಪುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಬೇಕು. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವನ್ನು ಕೋಣೆಯಲ್ಲಿಟ್ಟು ಅದು ಶೇ. 60ರ ಒಳಗಿದೆಯೇ ಎಂದು ನೋಡುವುದು, ಯಾವ ಸುಗಂಧದ ಸ್ಪ್ರೇಗಿಂತಲೂ ಉಪಯುಕ್ತ ಖರ್ಚು. ಸರ್ವಿಸಿನ ಕಾಲದ ಬಗ್ಗೆಯೂ ಒಂದು ಮಾತು: ಎಲ್ಲರೂ ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ, ಬೇಸಿಗೆಗೆ ಮುಂಚೆ ಮಾಡಿಸುತ್ತಾರೆ. ಕರಾವಳಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಜೂನ್ ಮೊದಲ ವಾರದ್ದು. ಮೂರು ತಿಂಗಳ ಕೊಳೆಯನ್ನು ಒದ್ದೆಯಾಗಿಯೇ ಒಳಗಿಟ್ಟುಕೊಂಡು ನಾಲ್ಕು ತಿಂಗಳ ಮಳೆಗಾಲವನ್ನು ಕಳೆಯುವ ಎಸಿಯಲ್ಲಿ ಬೂಷ್ಟು ಬೆಳೆಯದಿದ್ದರೆ ಆಶ್ಚರ್ಯ.

ಗೋಡೆಯ ಮೇಲೆ ಬಂದಿರುವುದನ್ನು ಒಣಗಿದಂತೆಯೇ ಕೆರೆದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಎನ್-95 ಮಾಸ್ಕ್ ಹಾಕಿ, ಸಾಬೂನು ನೀರಿನಿಂದ ಒದ್ದೆ ಮಾಡಿ ಉಜ್ಜಿ, ಒರೆಸಿದ ಬಟ್ಟೆಯನ್ನು ಎಸೆದು, ಗೋಡೆಯನ್ನು ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಬೇಕು. ಬ್ಲೀಚಿಂಗ್ ದ್ರಾವಣ ಟೈಲ್ಸಿನ ಮೇಲೆ ಕೆಲಸ ಮಾಡುತ್ತದೆ, ಪುಟ್ಟಿಯ ಒಳಗೆ ಇಳಿಯುವುದಿಲ್ಲ. ಸತ್ತ ಬೂಷ್ಟೂ ಅಲರ್ಜಿ ತರುವುದರಿಂದ ಕೊಲ್ಲುವುದಕ್ಕಿಂತ ತೆಗೆಯುವುದು ಮುಖ್ಯ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಬೂಷ್ಟಿಗಿಂತ ತಕ್ಷಣದ ಅಪಾಯ. ಬೂಷ್ಟು ನಿರೋಧಕ ಪೇಂಟ್ ನೀರಿನ ಮೂಲ ಸರಿಯಾದ ಮೇಲಷ್ಟೇ ನಿಲ್ಲುತ್ತದೆ. ಬಾಡಿಗೆ ಮನೆಗಳಲ್ಲಿ ಆಗುವುದು ಇದರ ತದ್ವಿರುದ್ಧ: ಮಾಲೀಕರು ಹೊಸ ಬಾಡಿಗೆದಾರರು ಬರುವ ಮುನ್ನ ಕಲೆಯ ಮೇಲೆ ಪುಟ್ಟಿ ಎಳೆದು ಬಣ್ಣ ಬಳಿಸುತ್ತಾರೆ, ಮುಂದಿನ ಜೂನ್‌ಗೆ ಅದು ಮತ್ತೆ ಏಳುತ್ತದೆ, ಆಗ ತಪ್ಪು ಬಾಡಿಗೆದಾರರದ್ದಾಗುತ್ತದೆ. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಬೀರುವಿನ ಹಿಂದಿನ ಗೋಡೆಯನ್ನೂ ಎಸಿಯ ಬ್ಲೋವರನ್ನೂ ನೋಡಿ ಫೋಟೊ ತೆಗೆದಿಟ್ಟುಕೊಳ್ಳುವವರು ಆ ಜಗಳದಿಂದ ಪಾರಾಗಬಹುದು. ಸ್ವಂತ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರ್ ಆಗುವ ಮುಂಚೆಯೇ, ಗೋಡೆಯೊಳಗೆ ಹೂಳುವ ಡ್ರೈನ್ ಪೈಪಿಗೂ ಇನ್ಸುಲೇಶನ್ ಸುತ್ತಿಸಿ, ಯೂನಿಟ್ಟಿನ ಜಾಗದಿಂದ ಒಂದು ಬಕೆಟ್ ನೀರು ಸುರಿದು ಅದು ಎಲ್ಲೂ ನಿಲ್ಲದೆ ಹೊರಗೆ ಬರುತ್ತದೆಯೇ ಎಂದು ಪ್ಲಂಬರ್ ಎದುರಿಗಿರುವಾಗಲೇ ನೋಡಿಕೊಳ್ಳಬೇಕು.